ಮೈಕಿನ ಎಂಜಲು

ಆ ಶಾಲೆಯ ರೇಡಿಯೋ ಕ್ಲಬ್ಬು ಇದ್ದದ್ದು ಮೂರನೆಯ ಮಹಡಿಯ ಮೂಲೆಯಲ್ಲಿ, ಹಿಂದೆ ಫಿನಾಯಿಲ್ ಡಬ್ಬಗಳನ್ನೂ ನೆಲ ಒರೆಸುವ ಕೋಲುಗಳನ್ನೂ ತುಂಬುತ್ತಿದ್ದ ಕೋಣೆಯಲ್ಲಿ. ಡಬ್ಬಗಳು ಜಾಗ ಖಾಲಿ ಮಾಡಿ ವರ್ಷಗಳಾಗಿದ್ದವು. ವಾಸನೆ ಮಾತ್ರ ಹಠಮಾರಿ ಬಾಡಿಗೆದಾರನ ಹಾಗೆ ಅಲ್ಲೇ ಉಳಿದಿತ್ತು. ಭೌತಶಾಸ್ತ್ರದ ಮೇಡಂ ಕಾಡಿ ಬೇಡಿ ಆ ಕೋಣೆಯನ್ನೇ ಪಡೆದದ್ದಕ್ಕೆ ಕಾರಣವಿತ್ತು: ಕಿಟಕಿಯಿಂದ ಕೈ ಚಾಚಿದರೆ ತಾರಸಿಯ ಅಂಚು ಸಿಗುತ್ತಿತ್ತು, ಆಂಟೆನಾದ ತಂತಿ ಎಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ಕಟ್ಟಡದಲ್ಲಿರಲಿಲ್ಲ.

ಮೇಡಂಗೆ ಹೇಸಿಗೆ ಎನ್ನುವುದು ಹುಟ್ಟುಗುಣ. ಸ್ಟಾಫ್ ರೂಮಿನ ಲೋಟದ ಅಂಚು, ಬೇರೆಯವರ ಬಾಚಣಿಗೆ, ಬೆರಳು ನೆಕ್ಕಿ ಹಾಳೆ ತಿರುವುವ ಗಣಿತದ ಮೇಷ್ಟ್ರು, ಎಲ್ಲದಕ್ಕೂ ಅವರ ಮೂಗಿನ ತುದಿ ಒಂದು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅವರ ಅತ್ತೆ ನೆಂಟರ ಮುಂದೆ ಹೇಳುವುದಿತ್ತು: "ನಮ್ಮ ಸೊಸೆ ಸಂಸಾರ ಮಾಡೋದು ಮೂಗಲ್ಲಿ. ಕೈಕಾಲು ಆಮೇಲೆ." ಸುಳ್ಳನ್ನೂ ಮೇಡಂ ಕಿವಿಯಿಂದಲ್ಲ, ಮೂಗಿನಿಂದಲೇ ಹಿಡಿಯುತ್ತಿದ್ದರು. ಯಾರಾದರೂ ಬೂಸಿ ಬಿಡತೊಡಗಿದರೆ ಹಳಸಿದ ಸಾರಿನ ಪಾತ್ರೆಯ ಮುಚ್ಚಳ ತೆಗೆದಂತೆ ಅವರು ಅರ್ಧ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು.

ಹವ್ಯಾಸಿ ರೇಡಿಯೋ ಅವರಿಗೆ ಹಿಡಿಸಿದ್ದು ಅದರ ಶುಚಿತ್ವಕ್ಕೆ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರಿಗೆ ಒಂದು ಕಾಲ್‌ಸೈನ್ ಸಿಗುತ್ತದೆ. ಅಕ್ಷರ, ಅಂಕಿ ಸೇರಿಸಿದ, ಜಗತ್ತಿನಲ್ಲಿ ಇನ್ನೊಬ್ಬರಿಗಿಲ್ಲದ ಹೆಸರು. ಬಾಯಿ ತೆರೆಯುವ ಮೊದಲು ಕೇಳಿಸಿಕೊಳ್ಳಬೇಕು. ಬೇರೆ ಯಾರಾದರೂ ಮಾತಾಡುತ್ತಿದ್ದೀರಾ ಎಂದು ವಿಚಾರಿಸಬೇಕು. ತಾನು ಯಾರೆಂದು ಹೇಳಿ ಆಮೇಲೆ ಮಾತು. ಸ್ಟಾಫ್ ರೂಮಿನಲ್ಲಿ ಈ ಮೂರರಲ್ಲಿ ಒಂದನ್ನೂ ಮೇಡಂ ಕಂಡವರಲ್ಲ. "ಆ ಹೆಸರಲ್ಲಿ ಸುಳ್ಳು ಹೇಳಿದ್ರೆ ಹೆಸರೇ ಕೊಳೆಯುತ್ತೆ" ಎಂದು ಅವರು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡುತ್ತಿದ್ದರು.

ಮಕ್ಕಳಲ್ಲಿ ಇಬ್ಬರು ಆ ಕೋಣೆಯ ಖಾಯಂ ನಿವಾಸಿಗಳು. ಒಬ್ಬ, ಕೀರಲು ದನಿಯ ಹುಡುಗ. ಬಲೂನಿನ ಅನಿಲ ಕುಡಿದವನ ಹಾಗೆ ಮಾತಾಡುತ್ತಾನೆಂದು ಅವನಿಗೆ ಹೀಲಿಯಂ ಎಂದೇ ಹೆಸರಾಗಿತ್ತು. ಇನ್ನೊಬ್ಬಳು ಬೆಸುಗೆ. ಕಾದ ಕಡ್ಡಿ ಹಿಡಿದು ತಂತಿಗೆ ತಂತಿ ಬೆಸೆಯುವುದರಲ್ಲಿ ಅವಳ ಕೈಗೆ ಮೇಡಂ ಕೈಯೂ ಸಾಟಿಯಲ್ಲ. ತಾಯಿ ಆಸ್ಪತ್ರೆಯಲ್ಲಿ ನರ್ಸು, ಆದ್ದರಿಂದ ಅವಳ ಚೀಲದಲ್ಲಿ ಪೆನ್ನಿನ ಪಕ್ಕ ಸ್ಪಿರಿಟ್ ಸೀಸೆ, ಹತ್ತಿ. ಕ್ಲಬ್ಬಿಗಿದ್ದದ್ದು ಒಂದೇ ಮೈಕು. ಹೊರಗಿನವರು ಯಾರಾದರೂ ಅದರಲ್ಲಿ ಮಾತಾಡಿ ಹೋದರೆ ಬೆಸುಗೆ ಮಾತಿಲ್ಲದೆ ಹತ್ತಿಗೆ ಸ್ಪಿರಿಟ್ ಹನಿಸಿ ಅದರ ಜಾಲರಿಯನ್ನು ಒರೆಸಿಡುವಳು. ಕ್ಲಬ್ಬಿನವರು ಮಾತಾಡಿದರೆ ಒರೆಸುತ್ತಿರಲಿಲ್ಲ. ಅದ್ಯಾಕೆ ಈ ಪಂಕ್ತಿಭೇದ ಎಂದು ಹೀಲಿಯಂ ಒಮ್ಮೆ ಕೆಣಕಿದ್ದಕ್ಕೆ ಅವಳು, "ನಮ್ಮೋರ ಎಂಜಲು ಎಂಜಲಲ್ಲ" ಅಂದಿದ್ದಳು. ಆ 'ನಮ್ಮೋರ' ಒಳಗೆ ತಾವೂ ಇದ್ದೇವೆ ಎನ್ನುವುದು ಮೇಡಂಗೆ ಯಾವ ಪದಕಕ್ಕಿಂತ ಹೆಚ್ಚಾಗಿತ್ತು; ಹೇಸಿಗೆಯವರಿಗೇ ಗೊತ್ತು ಆ ಮರ್ಯಾದೆಯ ಬೆಲೆ.

ಆ ವರ್ಷ ಅವರು ಬಲೂನು ಹಾರಿಸಲು ಹೊರಟರು. ಆಟದ ಬಲೂನಲ್ಲ, ಹವಾಮಾನದವರು ಬಳಸುವ, ಕೋಣೆಯಷ್ಟು ಊದುವ ತೆಳು ರಬ್ಬರಿನದು. ಅದಕ್ಕೊಂದು ಪ್ಯಾರಾಚೂಟು, ಕೆಳಗೆ ಥರ್ಮೊಕೋಲಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕ್ಯಾಮೆರಾ, ಉಷ್ಣತೆ ಅಳೆಯುವ ಸಲಕರಣೆ, ಮತ್ತೆ ಬೆಸುಗೆ ತಿಂಗಳುಗಟ್ಟಲೆ ಕೂತು ಕಟ್ಟಿದ ಪುಟ್ಟ ಟ್ರಾನ್ಸ್‌ಮಿಟರು. ಅದು ಆಗಾಗ ಮೇಡಂ ಕಾಲ್‌ಸೈನ್ ಹೇಳಿ, ನಾನು ಇಲ್ಲಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ ಎಂದು ಸಾರುತ್ತಾ ಹೋಗುತ್ತದೆ. ಏರಿದಷ್ಟೂ ಹೊರಗಿನ ಒತ್ತಡ ಇಳಿಯುತ್ತದೆ, ಒಳಗಿನ ಅನಿಲ ಹಿಗ್ಗುತ್ತದೆ, ರಬ್ಬರು ತಾಳಲಾರದಷ್ಟು ಹಿಗ್ಗಿದಾಗ ಒಡೆಯುತ್ತದೆ. ಮಕ್ಕಳ ಲೆಕ್ಕದಲ್ಲಿ ಅದು ಮೂವತ್ತೆರಡು ಕಿಲೋಮೀಟರಿನಲ್ಲಿ ಒಡೆಯಬೇಕಿತ್ತು. ಅಲ್ಲಿ ಹಗಲಲ್ಲೂ ಆಕಾಶ ಕಪ್ಪು. ಆ ಕಪ್ಪಿನ ಒಂದು ಫೋಟೋ ಬೇಕೆಂಬುದು ಬೆಸುಗೆಯ ಆಸೆ.

ಶಾಲೆಯಲ್ಲಿ ಯಾವ ಒಳ್ಳೆಯ ಕೆಲಸವೂ ಅಧ್ಯಕ್ಷರ ಮುಖವಿಲ್ಲದೆ ಪೂರ್ತಿಯಾಗುತ್ತಿರಲಿಲ್ಲ. ಸಿಮೆಂಟಿನ ವ್ಯಾಪಾರದಲ್ಲಿ ದುಡಿದು ಶಾಲೆ ಕಟ್ಟಿಸಿದವರು. ಅವರ ಮೀಸೆ ಗೇಟಿನ ಮೇಲಿತ್ತು, ನೀರಿನ ಟ್ಯಾಂಕಿನ ಮೇಲಿತ್ತು, ಹುಡುಗರ ಶೌಚಾಲಯದ ಉದ್ಘಾಟನಾ ಕಲ್ಲಿನ ಮೇಲೆ ಸದಾ ಒದ್ದೆಯಾಗಿಯೂ ಇತ್ತು. ಹಾರಿಸುವ ಹಿಂದಿನ ದಿನ ಪ್ರಿನ್ಸಿಪಾಲರು ರೇಡಿಯೋ ಕೋಣೆಗೆ ಬಂದು, ಸುರುಳಿ ಸುತ್ತಿದ ಪ್ಲಾಸ್ಟಿಕ್ ಬ್ಯಾನರೊಂದನ್ನು ಮೇಜಿನ ಮೇಲಿಟ್ಟರು. ಬಿಡಿಸಿದರೆ ಅದೇ ಮೀಸೆ.

"ನಾನು ಹೇಳ್ತಿಲ್ಲ ಮೇಡಂ. ಮೇಲಿನಿಂದ ಹೇಳಿದಾರೆ. ಇದೂ ಮೇಲೆ ಹೋಗ್ಬೇಕು."

ಅವರು ಯಾವುದನ್ನೂ ತಾವಾಗಿ ಹೇಳಿದವರಲ್ಲ, ಎಲ್ಲವೂ ಮೇಲಿನಿಂದಲೇ. ಮಕ್ಕಳು ಅವರನ್ನು ಬೆನ್ನ ಹಿಂದೆ ಮೇಲಿನಿಂದ ಸಾರ್ ಎಂದೇ ಕರೆಯುತ್ತಿದ್ದರು, ಮೇಡಂ ಬೈಯುವಂತೆ ನಟಿಸುತ್ತಿದ್ದರು. ತೂಕ ಹೆಚ್ಚಾಗುತ್ತದೆ ಎಂದು ಬೆಸುಗೆ ವಿವರಿಸಿದಳು. ಹಾಗಾದರೆ ಅನಿಲ ಜಾಸ್ತಿ ತುಂಬಿ ಎಂದರು ಪ್ರಿನ್ಸಿಪಾಲರು. ಜಾಸ್ತಿ ತುಂಬಿದರೆ ಬೇಗ ಹಿಗ್ಗಿ ಬೇಗ ಒಡೆಯುತ್ತದೆ ಎಂದಳು ಹುಡುಗಿ. ಜಾಸ್ತಿ ತುಂಬಿದರೆ ಜಾಸ್ತಿ ಮೇಲೆ ಹೋಗೋದು ಲೋಕರೂಢಿ ಎಂದು ಹೇಳಿ, ಪ್ರಿನ್ಸಿಪಾಲರು ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು, ಅದೇ ಕರವಸ್ತ್ರದಲ್ಲಿ ಬ್ಯಾನರಿನ ಧೂಳನ್ನೂ ಒರೆಸಿ ಹೋದರು. ಮೇಡಂ ಆ ಬ್ಯಾನರನ್ನು ಎರಡು ಬೆರಳ ತುದಿಯಲ್ಲಿ ಎತ್ತಿದರು.

ಮರುದಿನ ಆಟದ ಮೈದಾನದಲ್ಲಿ ಅಧ್ಯಕ್ಷರು ಬಂದರು, ಅವರ ಹಿಂದೆ ಒಂದು ದಂಡೂ ಬಂತು. ಬಲೂನಿನ ರಬ್ಬರನ್ನು ಕೈಗವಸಿಲ್ಲದೆ ಮುಟ್ಟಬಾರದೆಂದು ಮಕ್ಕಳು ಗವಸು ತೊಟ್ಟು, ಹಸುಗೂಸನ್ನು ಹಿಡಿದವರಂತೆ ನಿಂತಿದ್ದರು. ಶಾಲೆಯ ಪ್ರಚಾರ ನೋಡಿಕೊಳ್ಳುತ್ತಿದ್ದವನು, ಬಾಯಲ್ಲಿ ಸದಾ ಏನನ್ನಾದರೂ ಜಗಿಯುವ ಯುವಕ, ಎಲ್ಲರೂ ಒಂದೊಂದು ಕೈ ಇಡಿ ಸಾರ್, ಫೋಟೋ ಚೆನ್ನಾಗಿ ಬರುತ್ತೆ ಎಂದ. ಇಟ್ಟರು. ಬೆವರಿನ ಕೈ, ಎಣ್ಣೆಯ ಕೈ, ಆಗಷ್ಟೇ ಮೂಗು ಒರೆಸಿಕೊಂಡ ಕೈ. ಕೊನೆಗೆ ಅಧ್ಯಕ್ಷರು ಬಲೂನಿನ ಕೆನ್ನೆ ಸವರಿದರು. ಅವರ ಉಂಗುರದ ಕಲ್ಲು ರಬ್ಬರಿನ ಮೇಲೆ ಎಳೆದ ಸಣ್ಣ ಗೀರನ್ನು ನೋಡಿದ್ದು ಇಬ್ಬರೇ, ಮೇಡಂ ಮತ್ತು ಬೆಸುಗೆ. ಬೆಸುಗೆ ಮೇಡಂ ಮುಖ ನೋಡಿದಳು. ಬದಲಿಗೆ ಇನ್ನೊಂದು ಬಲೂನು ಇರಲಿಲ್ಲ, ಅನಿಲವೂ ಇರಲಿಲ್ಲ. ಮೇಡಂ ಕಣ್ಣಲ್ಲೇ ಬಿಡು ಅಂದರು. ಬಿಟ್ಟರು.

ಮೀಸೆಯನ್ನು ಬಾಲದಂತೆ ಅಲ್ಲಾಡಿಸುತ್ತಾ ಬಲೂನು ಏರಿತು. ಮೂರನೆಯ ಮಹಡಿಗೆ ಓಡಿದ ಮಕ್ಕಳು ಅಂಕಿಗಳು ಏರುವುದನ್ನು ಉಸಿರು ಬಿಗಿಹಿಡಿದು ನೋಡಿದರು. ಹನ್ನೊಂದು ಕಿಲೋಮೀಟರು ದಾಟುತ್ತಿದ್ದಂತೆ ಅಂಕಿ ಒಂದು ಕ್ಷಣ ನಿಂತು, ಮೆಟ್ಟಿಲ ಮೇಲಿಂದ ಜಾರಿದ ಡಬ್ಬದ ಹಾಗೆ ಕೆಳಗೆ ಉರುಳತೊಡಗಿತು. ರೇಡಿಯೋದಲ್ಲಿ ಹಲ್ಲು ಡಾಕ್ಟರರ ದನಿ ಬಂತು. ಅವರು ಪಕ್ಕದೂರಿನ ದಂತವೈದ್ಯರು, ಮೇಡಂ ಹಾಗೆಯೇ ಹಳೆಯ ಹವ್ಯಾಸಿ. ರೋಗಿಗಳ ನಡುವೆ ಬಿಡುವು ಮಾಡಿಕೊಂಡು ಪೆಟ್ಟಿಗೆಯ ಸಂದೇಶಗಳನ್ನು ಹಿಡಿಯುತ್ತಿದ್ದರು. "ಹನ್ನೊಂದಕ್ಕೆ ಒಡೀತು ಅಂತ ಮಕ್ಕಳು ಬೇಜಾರು ಮಾಡ್ಕೊಳ್ಳೋದು ಬೇಡ ಮೇಡಂ. ಮೊದಲನೇ ಹಲ್ಲು ಬೀಳೋದಕ್ಕೇ ಇರೋದು" ಎಂದರು ಅವರು.

ಪೆಟ್ಟಿಗೆ ಬಿದ್ದದ್ದು ಊರಾಚೆಯ ಕಸದ ಗುಡ್ಡೆಯ ಮೇಲೆ. ಶಾಲೆಯ ವ್ಯಾನಿನಲ್ಲಿ ಅದರ ಕೂಗನ್ನೇ ಹಿಂಬಾಲಿಸಿಕೊಂಡು ಹೋಗಿ, ಕೊಳೆತ ತರಕಾರಿ, ಒಡೆದ ಬೊಂಬೆ, ಯಾರದೋ ಹಳೆಯ ಹಾಸಿಗೆಯ ಹೊಟ್ಟೆ ದಾಟಿ ಹತ್ತಿದರು. ಮೇಡಂ ಮೂಗಿಗೆ ಬಟ್ಟೆ ಒತ್ತಿ ಬರೀ ಬಾಯಿಂದ ಉಸಿರಾಡಿದರು. ಆ ವಾಸನೆಗೆ ರುಚಿಯೂ ಇದೆಯೆಂದು ಅವರಿಗೆ ಆಗ ತಿಳಿಯಿತು. ಟ್ರಾನ್ಸ್‌ಮಿಟರು ಇನ್ನೂ ಬದುಕಿತ್ತು. ಕ್ಯಾಮೆರಾ ತೆರೆದು ನೋಡಿದರೆ ಫೋಟೋಗಳ ತುಂಬ ಅಧ್ಯಕ್ಷರು. ಗಾಳಿಗೆ ಬ್ಯಾನರು ತಿರುಗಿ ಕ್ಯಾಮೆರಾದ ಕಣ್ಣಿಗೇ ಅಂಟಿಕೊಂಡಿತ್ತು.

"ಇದು ಎಡಗಡೆ ಮೀಸೆ ಮೇಡಂ" ಎಂದು ಹೀಲಿಯಂ ಒಂದೊಂದನ್ನೇ ತೋರಿಸಿದ. "ಇದು ಬಲಗಡೇದು. ಇದು ಮೂಗಿನ ಹೊಳ್ಳೆ ಇರಬೇಕು, ಇಲ್ಲಾ ಆಕಾಶದ ಕಪ್ಪು."

ಹೊಳ್ಳೆಯೇ ಆಗಿತ್ತು. ಒಂದೇ ಒಂದು ಫೋಟೋದಲ್ಲಿ ಮೀಸೆಗೂ ಚೌಕಟ್ಟಿಗೂ ನಡುವೆ ಉಗುರಗಲದ ಕಡುನೀಲಿ ಸಿಕ್ಕಿತ್ತು. ಬೆಸುಗೆ ಅದನ್ನೇ ಬಹಳ ಹೊತ್ತು ನೋಡಿ, "ಇದು ನಮ್ಮದು" ಅಂದಳು. ಕೊಳೆತ ಗುಡ್ಡೆಯ ಮೇಲೆ ನಿಂತು, ಯಾಕೆ ಹನ್ನೊಂದು, ಗೀರಿನದೆಷ್ಟು ಪಾಲು, ಹೆಚ್ಚಿನ ಅನಿಲದ್ದೆಷ್ಟು ಪಾಲು ಎಂದು ಮಕ್ಕಳು ಜಗಳಕ್ಕೆ ಬಿದ್ದರು. ಇಷ್ಟು ಒಳ್ಳೆಯ ಪಾಠ ತಾನು ಯಾವತ್ತೂ ಮಾಡಿಲ್ಲ ಎಂದು ಮೇಡಂಗೆ ಅನ್ನಿಸಿತು, ಬಟ್ಟೆಯ ಹಿಂದೆ ನಗುವೂ ಬಂತು.

ಆ ನಗು ಮೂರು ದಿನ ಬಾಳಲಿಲ್ಲ. ಗೇಟಿನಲ್ಲಿ ಹೊಸ ಫ್ಲೆಕ್ಸು ಎದ್ದಿತ್ತು: 'ಬಾಹ್ಯಾಕಾಶದ ಬಾಗಿಲು ತಟ್ಟಿದ ನಮ್ಮ ಮಕ್ಕಳು, ಮೂವತ್ತೆರಡು ಕಿಲೋಮೀಟರ್!' ಕೆಳಗೆ ಬಾಗಿದ ಭೂಮಿ, ಕಪ್ಪು ಆಕಾಶ. ಎಲ್ಲಿಂದಲೋ ಕದ್ದ ಫೋಟೋ. ಬೆಸುಗೆ ಅದರ ಮುಂದೆ ನಿಂತಿದ್ದಳು. ತನಗೆ ಬೇಕಿದ್ದ ಕಪ್ಪನ್ನು ಯಾರದೋ ಬಾಯಿಂದ ತೆಗೆದು ತನ್ನ ತಟ್ಟೆಗೆ ಹಾಕಿದ್ದನ್ನು ನೋಡುವವಳ ಮುಖ.

ಮೇಡಂ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. ಜಗಿಯುವ ಪ್ರಚಾರದವನೂ ಅಲ್ಲೇ ಇದ್ದ. ಮಕ್ಕಳು ಮೊದಲು ಹಾಕಿದ ಲೆಕ್ಕದ ಅಂಕಿಯನ್ನೇ ಹಾಕಿದ್ದೇವಲ್ಲ, ನಾವೇನು ಸ್ವಂತ ಕಟ್ಟಿದ್ದಲ್ಲ ಎಂದು ಅವನ ವಾದ. ಹೋಗಬೇಕಾದದ್ದು ಬೇರೆ, ಹೋದದ್ದು ಬೇರೆ ಎಂದು ಮೇಡಂ ಹೇಳಿದ್ದು ಅವನಿಗೆ ಸಣ್ಣತನವಾಗಿ ಕಂಡಿತು.

"ನಿಜ ಏನು ಅಂತ ಪೆಟ್ಟಿಗೆ ಎಲ್ಲರಿಗೂ ಹೇಳಿಬಿಟ್ಟಿದೆ ಸಾರ್" ಅಂದರು ಮೇಡಂ. "ಅದು ನಮಗೊಬ್ಬರಿಗೆ ಕಿವಿಯಲ್ಲಿ ಹೇಳೋದಲ್ಲ. ರೇಡಿಯೋ ಇಟ್ಕೊಂಡಿರೋ ಎಲ್ಲರೂ ಕೇಳಿದಾರೆ."

"ಅವರನ್ನ ಯಾರು ಕೇಳ್ತಾರೆ ಮೇಡಂ?" ಪ್ರಿನ್ಸಿಪಾಲರ ಕರವಸ್ತ್ರ ಕತ್ತಿಗೇರಿತು. "ನೋಡಿ, ನಾನು ಹೇಳ್ತಿಲ್ಲ. ಅಧ್ಯಕ್ಷರಿಗೆ ಮೂವತ್ತೆರಡು ಅಂತ ಹೇಳಿ ಆಗಿದೆ. ವಾರ್ಷಿಕ ಸಮಾರಂಭದಲ್ಲಿ ನಿಮ್ಮ ಹುಡುಗಿ ವೇದಿಕೆ ಮೇಲೆ ಅದನ್ನೇ ಹೇಳ್ಬೇಕು, ಆಮೇಲೆ ರೇಡಿಯೋದಲ್ಲಿ ಯಾರ ಹತ್ರನಾದ್ರೂ ಎರಡು ಮಾತಾಡಿಸಿ ತೋರಿಸ್ಬೇಕು. ಇಲ್ಲಾಂದ್ರೆ ಆ ಮೂರನೇ ಮಹಡಿ ಕೋಣೆ... ಪ್ರಚಾರ ವಿಭಾಗಕ್ಕೆ ಜಾಗ ಸಾಲ್ತಾ ಇಲ್ಲ ಅಂತ ಮೇಲಿನಿಂದ ಮಾತಿದೆ."

ಪ್ರಚಾರದವನು ಜಗಿಯುವುದನ್ನು ನಿಲ್ಲಿಸಿ, ಕೋಣೆಯ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಳ್ಳುವವನಂತೆ ಸೂರು ನೋಡಿದ.

ಮನೆಗೆ ಬಂದ ಮೇಡಂ ಸಾಬೂನಿನಲ್ಲಿ ಕೈ ತೊಳೆದರು, ಮತ್ತೆ ತೊಳೆದರು. ಅತ್ತೆ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಸೊಸೆ ಒಂದೇ ಉಸಿರಿಗೆ ಎಲ್ಲ ಹೇಳಿದಳು: ಕೋಣೆ ಹೋದರೆ ಆಂಟೆನಾ ಹೋಗುತ್ತದೆ, ಕ್ಲಬ್ಬು ಹೋಗುತ್ತದೆ, ಮುಂದಿನ ವರ್ಷದ ಮಕ್ಕಳಿಗೆ ಏನೂ ಉಳಿಯುವುದಿಲ್ಲ. ಸುಳ್ಳನ್ನು ಹುಡುಗಿಯ ಬಾಯಿಗೆ ತುರುಕುವುದು ಆಗದು. ಆದರೆ ಸುಳ್ಳೂ ಹೇಳದೆ, ನಿಜವನ್ನೂ ಹೇಳದೆ, ನಡುವೆ ಏನಾದರೂ ದಾರಿ ಇದ್ದರೆ?

ಅತ್ತೆ ಒಂದು ಸಿಪ್ಪೆ ಬಿಡಿಸಿ, ಒಳಗಿನ ಹುಳ ನೋಡಿ, ಬದಿಗೆಸೆದರು. "ಇದರಲ್ಲಿ ಅರ್ಧ ಚೆನ್ನಾಗಿದೆ. ಹಾಕ್ಲಾ ನಿನ್ನ ಪಲ್ಯಕ್ಕೆ?"

ಮೇಡಂ ಎದ್ದು ಇನ್ನೊಮ್ಮೆ ಕೈ ತೊಳೆಯಲು ಹೋದರು. ಬೇರೆಯವರ ಬಟಾಣಿಯ ಹುಳ ಕಾಣುವ ಮೂಗಿಗೆ ತನ್ನ ತಟ್ಟೆಯದು ಕಾಣುವುದು ತಡ.

ಮರುದಿನ ಅವರು ಬೆಸುಗೆಯನ್ನು ಒಬ್ಬಳನ್ನೇ ಕರೆದು ಕೋಣೆಯ ಬಾಗಿಲು ಹಾಕಿದರು. ಅಂಕಿ ಹೇಳುವುದು ಬೇಡ. ಮೂವತ್ತೆರಡೂ ಬೇಡ, ಹನ್ನೊಂದೂ ಬೇಡ. ತುಂಬಾ ಎತ್ತರಕ್ಕೆ ಹೋಯಿತು ಅಂದರೆ ಸಾಕು. ಅದು ಸುಳ್ಳಲ್ಲವಲ್ಲ.

"ತುಂಬಾ ಅಂದ್ರೆ ಎಷ್ಟು ಮೇಡಂ?" ಅಂದಳು ಹುಡುಗಿ.

"ತುಂಬಾ ಅಂದ್ರೆ ತುಂಬಾ."

"ಅಳತೆ ಇಲ್ಲದ ಮಾತನ್ನ ಪರೀಕ್ಷೇಲಿ ಬರೆದ್ರೆ ಸೊನ್ನೆ ಕೊಡ್ತೀನಿ ಅಂತ ನೀವೇ ಹೇಳಿದ್ರಿ."

ಮೇಡಂ ಕೋಣೆಯ ವಿಷಯ ಹೇಳಿದರು. ಆಂಟೆನಾದ ವಿಷಯ ಹೇಳಿದರು. ಮುಂದಿನ ವರ್ಷ ಇನ್ನೊಂದು ಬಲೂನು, ಬ್ಯಾನರಿಲ್ಲದ್ದು ಎಂದರು. ಬರಬರುತ್ತಾ ತಮ್ಮ ದನಿ ಪ್ರಿನ್ಸಿಪಾಲರ ದನಿಯ ಹಾಗೆ ಕೇಳಿಸತೊಡಗಿತು, ಕೊನೆಗೆ ತಮ್ಮ ಬಾಯಿಂದಲೇ ಬಂದ ಮಾತು ಕಿವಿಗೆ ಬಿತ್ತು: "ನಾನು ಹೇಳ್ತಿಲ್ಲಮ್ಮ, ಮೇಲಿನವರು..." ಹುಡುಗಿ ಆಗಲಿ ಎಂಬಂತೆ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಗಿಂತ ಫಿನಾಯಿಲ್ ವಾಸನೆಯೇ ವಾಸಿ ಎನ್ನಿಸಿತು ಮೇಡಂಗೆ.

ಸಮಾರಂಭದ ದಿನ ಸಭಾಂಗಣ ಕಿಕ್ಕಿರಿದಿತ್ತು. ಬೆವರು, ಸೆಂಟು, ಹೊಸ ಬಟ್ಟೆಯ ಗಂಜಿ ಎಲ್ಲ ಸೇರಿ ಫ್ಯಾನಿನ ಕೆಳಗೆ ಗಸಿಯಾಗಿ ಕೂತಿದ್ದವು. ವೇದಿಕೆಯ ಒಂದು ಪಕ್ಕ ರೇಡಿಯೋ, ಅದಕ್ಕೆ ಜೋಡಿಸಿದ ದೊಡ್ಡ ಸ್ಪೀಕರು. ಬೆಸುಗೆ ನಡೆದು ಬಂದಳು. ಟ್ರಾನ್ಸ್‌ಮಿಟರು ಹೇಗೆ ಕಟ್ಟಿದೆ ಎನ್ನುವುದನ್ನು ಚೆನ್ನಾಗಿಯೇ ಹೇಳಿದಳು. ಆಮೇಲೆ ಮೇಡಂ ಕಣ್ಣಿಗೆ ಕಣ್ಣು ಕೂಡಿಸಿ, ಬಾಯಿಪಾಠ ಒಪ್ಪಿಸುವವಳಂತೆ, "ನಮ್ಮ ಬಲೂನು ತುಂಬಾ ಎತ್ತರಕ್ಕೆ ಹೋಯಿತು" ಅಂದಳು. ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ಪ್ರಿನ್ಸಿಪಾಲರು ಕರವಸ್ತ್ರ ಹಿಂಡಿದರು.

ಮೇಡಂ ಮೈಕು ಹಿಡಿದು, ಯಾರಾದರೂ ಮಾತಾಡುತ್ತಿದ್ದೀರಾ ಎಂದು ವಿಚಾರಿಸಿ, ತಮ್ಮ ಕಾಲ್‌ಸೈನ್ ಹೇಳಿ ಕರೆದರು. ಓಗೊಟ್ಟದ್ದು ಹಲ್ಲು ಡಾಕ್ಟರು. ಎರಡು ಕುಶಲದ ಮಾತಾಗಿ ಮುಗಿಸಬೇಕೆನ್ನುವಷ್ಟರಲ್ಲಿ ಅಧ್ಯಕ್ಷರು ಎದ್ದು ಬಂದು, ಮಗುವಿನ ಆಸೆಯಲ್ಲಿ ಕೈ ಚಾಚಿದರು. ಮೈಕು ಕೊಡಲೇಬೇಕಾಯಿತು. ಅವರು ಅದನ್ನು ತುಟಿಗೆ ತಾಗಿಸಿ, ಮೀಸೆಯ ಕೂದಲು ಜಾಲರಿಯೊಳಗೆ ಹೊಗುವಷ್ಟು ಹತ್ತಿರ ಹಿಡಿದು, ಉಗುಳು ಸಿಡಿಸುತ್ತಾ ಕೇಳಿದರು.

"ಡಾಕ್ಟ್ರೇ, ನಮ್ಮ ಹುಡುಗಿಗೆ ನಾಚಿಕೆ, ಬರೀ ತುಂಬಾ ಅಂತಾಳೆ. ಎಷ್ಟು ಎತ್ತರ ಹೋಯ್ತು ಅಂತ ನೀವೇ ಹೇಳಿ, ಜನ ಕೇಳ್ಲಿ."

ಸ್ಪೀಕರಿನಲ್ಲಿ ಒಂದು ಕ್ಷಣ ಬರೀ ಭುಸುಗುಟ್ಟುವ ಸದ್ದು. ಅವರನ್ನ ಯಾರು ಕೇಳ್ತಾರೆ ಎಂದಿದ್ದ ಪ್ರಿನ್ಸಿಪಾಲರು ಕರವಸ್ತ್ರದ ಹಿಂದೆ ಮರೆಯಾಗುತ್ತಿದ್ದರು. ಕೇಳಿದ್ದು ಇನ್ಯಾರೂ ಅಲ್ಲ, ಅಧ್ಯಕ್ಷರೇ.

"ಹನ್ನೊಂದು ಕಿಲೋಮೀಟರು ಸ್ವಾಮಿ" ಎಂದಿತು ಸ್ಪೀಕರು. "ಆಮೇಲೆ ಒಡೀತು. ಮೂವತ್ತೆರಡಕ್ಕೆ ಹೋಗಬೇಕಿತ್ತು, ಪಾಪ. ಟ್ರಾನ್ಸ್‌ಮಿಟರು ಮಾತ್ರ ಕಸದಲ್ಲಿ ಬಿದ್ದರೂ ಮಾತು ನಿಲ್ಲಿಸಲಿಲ್ಲ. ಅದನ್ನ ಕಟ್ಟಿದ ಕೈಗೆ ನನ್ನ ನಮಸ್ಕಾರ."

ಸಭೆ ಸ್ತಬ್ಧವಾಗುತ್ತದೆಂದು ಮೇಡಂ ಅಂದುಕೊಂಡರು. ಹಾಗೇನೂ ಆಗಲಿಲ್ಲ. ನಿರೂಪಣೆಗೆ ನಿಂತಿದ್ದ ಪ್ರಚಾರದವನು ಜಗಿಯುತ್ತಿದ್ದುದನ್ನು ನುಂಗಿ, "ವಿಮಾನಗಳು ಹಾರುವ ಎತ್ತರ! ಚಪ್ಪಾಳೆ!" ಎಂದ. ಮೂವತ್ತೆರಡಕ್ಕೆ ಎಷ್ಟು ಬೀಳುತ್ತಿತ್ತೋ ಅಷ್ಟೇ ಚಪ್ಪಾಳೆ ಹನ್ನೊಂದಕ್ಕೂ ಬಿತ್ತು. ಅಧ್ಯಕ್ಷರು ಮೈಕು ವಾಪಸು ಕೊಡುತ್ತಾ, ನಿಜವಾದ ಅಚ್ಚರಿಯಿಂದ ಮೇಡಂ ಕಡೆ ಬಾಗಿದರು.

"ಹನ್ನೊಂದಾದ್ರೆ ಹನ್ನೊಂದು, ಅದರಲ್ಲೇನಿದೆ? ನನಗೆ ಬೇರೇನೋ ಹೇಳಿದ್ರು. ಮೊದಲೇ ಹೇಳ್ಬಾರ್ದಿತ್ತಾ ಮೇಡಂ, ಫ್ಲೆಕ್ಸಲ್ಲಿ ಅದನ್ನೇ ಬರೆಸ್ತಿದ್ದೆ."

ಮೇಡಂ ಕೋಣೆಯ ಮಾತು ಎತ್ತಿದರು. ಯಾವ ಕೋಣೆ ಎಂದರು ಅಧ್ಯಕ್ಷರು. ಮೂರನೆಯ ಮಹಡಿಯಲ್ಲಿ ಫಿನಾಯಿಲ್ ಅಲ್ಲದೆ ಬೇರೇನಾದರೂ ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ಮೇಲಿನಿಂದ ಯಾರೂ ಏನೂ ಹೇಳಿರಲಿಲ್ಲ. ಮೇಲೆ ಇದ್ದದ್ದು ಒಂದು ಮೀಸೆ, ಅಷ್ಟೇ. ಇಷ್ಟು ದಿನ ಎಲ್ಲರೂ ಬಗ್ಗಿ ನಡೆದದ್ದು ಪ್ರಿನ್ಸಿಪಾಲರ ಕರವಸ್ತ್ರದ ಕೆಳಗೆ.

ಸಮಾರಂಭ ಮುಗಿದು ಸಾಮಾನು ಮೇಲಕ್ಕೆ ಸಾಗಿಸಿದರು. ಹೀಲಿಯಂ ಸ್ಪೀಕರು ಇಳಿಸಿ, ಅಧ್ಯಕ್ಷರ ದನಿ ಅಣಕಿಸಿ, ಯಾರೂ ನಗದ್ದಕ್ಕೆ ತಾರಸಿಯ ತಂತಿ ನೋಡಲು ಹೋದ. ಬೆಸುಗೆ ಚೀಲದಿಂದ ಸೀಸೆ ತೆಗೆದು ಹತ್ತಿ ಹಸಿ ಮಾಡಿದಳು. ಮೈಕಿನ ಜಾಲರಿಯನ್ನು ಒರೆಸಿದಳು, ಅಂಚುಗಳಲ್ಲಿ ಉಗುರು ಕೊಟ್ಟು ತೀಡಿದಳು. ಹತ್ತಿ ಕಂದಾಯಿತು. ಎಸೆದು ಇನ್ನೊಂದು ತೆಗೆದಳು. ಪ್ರತಿ ಸಲದಂತೆ ಇದನ್ನು ನೋಡಿ ಮೇಡಂಗೆ ನೆಮ್ಮದಿಯಾಯಿತು. ಲೋಕದಲ್ಲಿ ಶುಚಿಯಾಗಬಹುದಾದ್ದು ಇನ್ನೂ ಏನೋ ಇದೆ.

"ಕಟ್ಟಿದ ಕೈಗೆ ನಮಸ್ಕಾರ ಅಂದ್ರಲ್ಲ ಡಾಕ್ಟ್ರು. ಎಲ್ಲರ ಮುಂದೆ" ಅಂದರು ಮೇಡಂ.

"ಹೂಂ" ಅಂದಳು ಹುಡುಗಿ.

"ಅಂತೂ ನಿಜ ಹೇಳಿದಂತಾಯ್ತು."

"ಅವರು ಹೇಳಿದ್ರು ಮೇಡಂ."

ಮೇಡಂ ರೇಡಿಯೋ ಹಚ್ಚಿದರು. ಬೆಸುಗೆ ಒರೆಸಿ ಇಟ್ಟಿದ್ದ ಮೈಕನ್ನು ಎತ್ತಿಕೊಂಡು, ಹಲ್ಲು ಡಾಕ್ಟರನ್ನು ಕರೆದು, ಸಹಾಯವಾಯಿತು ಎಂದರು. ದನಿ ತೆಳುವಾಗಿ, ಸ್ವಲ್ಪ ಅತಿಯಾಗಿ ನಯವಾಗಿ ಬಂತು. ಅಯ್ಯೋ ಅದರಲ್ಲೇನಿದೆ, ಆ ಹುಡುಗಿಗೆ ಕೊಡಿ, ಅವಳ ಹತ್ತಿರ ಒಂದೆರಡು ಮಾತಾಡಬೇಕು ಎಂದರು ಡಾಕ್ಟರು. ಮೇಡಂ ಮೈಕನ್ನು ಮೇಜಿನ ಮೇಲಿಟ್ಟು ಅವಳ ಕಡೆ ಸರಿಸಿದರು.

ಬೆಸುಗೆ ಅದನ್ನು ತಕ್ಷಣ ಮುಟ್ಟಲಿಲ್ಲ. ಚೀಲಕ್ಕೆ ಹಾಕಿದ್ದ ಸೀಸೆಯನ್ನು ಮತ್ತೆ ಹೊರತೆಗೆದಳು, ಹೊಸ ಹತ್ತಿ ಹರಿದು ಹಸಿ ಮಾಡಿದಳು. ಯಾವ ಸಿಟ್ಟೂ ಇಲ್ಲದೆ, ಆಸ್ಪತ್ರೆಯಲ್ಲಿ ಅವಳ ತಾಯಿ ಮಾಡುವಷ್ಟೇ ಅಚ್ಚುಕಟ್ಟಾಗಿ, ಜಾಲರಿಯನ್ನು ಒಂದು ಸುತ್ತು ಒರೆಸಿದಳು. ಸ್ಪಿರಿಟ್ ಆರುವ ತನಕ ಕಾದಳು. ಆಮೇಲೆ ಮೈಕು ಎತ್ತಿ, ಯಾರಾದರೂ ಮಾತಾಡುತ್ತಿದ್ದೀರಾ ಎಂದು ಕೇಳಿದಳು.